1,252 ಪಂದ್ಯಗಳಿಗೆ ಒಂದೇ ಮತ

2009ರ ಆರಂಭದಲ್ಲಿ ಅಮೆರಿಕದ ಬೇಸ್‌ಬಾಲ್ ಬರಹಗಾರರ ಸಂಘದ 539 ಸದಸ್ಯರು ಹಾಲ್ ಆಫ್ ಫೇಮ್‌ಗೆ ಮತ ಹಾಕಿದ್ದರು. ಒಬ್ಬೊಬ್ಬರು ಹತ್ತು ಹೆಸರುಗಳವರೆಗೆ ಗುರುತು ಮಾಡಬಹುದಿತ್ತು. ಮೇಜರ್ ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ಪಂದ್ಯಗಳಲ್ಲಿ ಚೆಂಡೆಸೆದ ಪಿಚರ್ ಜೆಸ್ಸಿ ಒರೊಸ್ಕೊ ಆ ಪಟ್ಟಿಯಲ್ಲಿದ್ದರು. ಅವರ ಹೆಸರಿಗೆ ಗುರುತು ಹಾಕಿದವರು ಒಬ್ಬರೇ ಒಬ್ಬರು. ಶೇಕಡಾ 5ರಷ್ಟು ಮತ ಸಿಗದವರ ಹೆಸರನ್ನು ಮರುವರ್ಷದ ಪಟ್ಟಿಯಿಂದ ತೆಗೆದುಹಾಕುವುದು ನಿಯಮ. 24 ಋತು, 1,252 ಪಂದ್ಯ, ಒಂದು ಮತ, ಅಲ್ಲಿಗೆ ಬಾಗಿಲು ಬಂದ್. ನಾಲ್ಕು ವರ್ಷಗಳ ನಂತರ, 2013ರಲ್ಲಿ, 1,178 ಪಂದ್ಯಗಳೊಂದಿಗೆ ಎರಡನೇ ಸ್ಥಾನದಲ್ಲಿರುವ ಮೈಕ್ ಸ್ಟ್ಯಾಂಟನ್ ಸರದಿ ಬಂತು. ಅವರಿಗೆ ಸಿಕ್ಕಿದ್ದು ಸೊನ್ನೆ.

ಈ ಎರಡು ತೀರ್ಪುಗಳ ಹಿಂದಿರುವುದು ಮತದಾರರ ಮರೆವಲ್ಲ, ಒಂದು ಗಟ್ಟಿಯಾದ ನಂಬಿಕೆ. ಪಂದ್ಯದ ನಡುವೆ ಬದಲಿಯಾಗಿ ಬರುವ ರಿಲೀಫ್ ಪಿಚರ್ ಎಂದರೆ ಆರಂಭಿಕ ಪಿಚರ್ ಆಗಲು ಯೋಗ್ಯತೆ ಸಾಲದವನು. ಅಂಥವರಲ್ಲಿ ಕೊನೆಯ ಇನಿಂಗ್ಸ್ ಎಸೆಯುವ ಕ್ಲೋಸರ್ ಒಬ್ಬನಿಗೆ ಮಾತ್ರ ಬೆಲೆ. ಉಳಿದವರು ಒಬ್ಬ ಹೋದರೆ ಇನ್ನೊಬ್ಬ. ಅವರಲ್ಲೊಬ್ಬ ಕಾಲು ಶತಮಾನ ಬಾಳಿದರೆ ಅದು ಸಾಧನೆಯಲ್ಲ, ಬರೀ ಉಳಿದುಕೊಂಡದ್ದು. ಕ್ರೀಡಾ ಅಂಕಣಗಳು, ಟೀವಿ ಚರ್ಚೆಗಳು, ತಂಡಗಳ ಕಚೇರಿಗಳು ಎಲ್ಲವೂ ಈ ಮಾತನ್ನು ಸಲೀಸಾಗಿ ಒಪ್ಪಿಕೊಂಡು ಕೂತಿವೆ. ಇದು ತಪ್ಪು ಮಾತ್ರವಲ್ಲ, ಹಾನಿಕರ ಎಂಬುದು ನನ್ನ ದೂರು. ಒಬ್ಬ ಹಿರಿಯ ಆಟಗಾರನಿಗೆ ಹಾಲ್ ಆಫ್ ಫೇಮ್‌ನ ಫಲಕ ತಪ್ಪಿದ್ದು ಇದರ ಸಣ್ಣ ಪರಿಣಾಮ. ಇವತ್ತಿನ ನೂರಾರು ಎಳೆಯ ತೋಳುಗಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಬಿದ್ದಿರುವುದಕ್ಕೂ ಇದೇ ನಂಬಿಕೆ ಹೊಣೆ.

ಒರೊಸ್ಕೊ ಹುಟ್ಟಿದ್ದು 1957ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾದಲ್ಲಿ. ಎಡಗೈ ಪಿಚರ್. 1978ರಲ್ಲಿ ಮಿನ್ನೆಸೋಟಾ ಟ್ವಿನ್ಸ್ ತಂಡ ಅವರನ್ನು ಆರಿಸಿಕೊಂಡಿತು, ಆದರೆ ಅಲ್ಲಿ ಮೇಜರ್ ಲೀಗ್ ಆಡುವ ಮೊದಲೇ ಅವರು ನ್ಯೂಯಾರ್ಕ್ ಮೆಟ್ಸ್‌ಗೆ ಹೋದರು. ಮೆಟ್ಸ್ ಅವರಿಗೆ ಬದಲಾಗಿ ಬಿಟ್ಟುಕೊಟ್ಟದ್ದು ಜೆರಿ ಕೂಸ್‌ಮನ್ ಅವರನ್ನು. 1969ರ ವಿಶ್ವ ಸರಣಿಯ ಕೊನೆಯ ಔಟ್ ಪಡೆದ ಪಿಚರ್ ಕೂಸ್‌ಮನ್. 1986ರ ಕೊನೆಯ ಔಟ್ ಪಡೆದವರು ಒರೊಸ್ಕೊ. ಮೆಟ್ಸ್ ಗೆದ್ದಿರುವ ವಿಶ್ವ ಸರಣಿಗಳು ಆ ಎರಡೇ. 1979ರ ಏಪ್ರಿಲ್ 5ರಂದು ಮೊದಲ ಪಂದ್ಯ ಆಡಿದ ಒರೊಸ್ಕೊ ಒಂಬತ್ತು ತಂಡಗಳ ಅಂಗಿ ತೊಟ್ಟು, 2003ರಲ್ಲಿ, 46ನೇ ವಯಸ್ಸಿನಲ್ಲಿ, ತಮ್ಮನ್ನು ಮೊದಲು ಆರಿಸಿದ್ದ ಅದೇ ಟ್ವಿನ್ಸ್ ತಂಡದಲ್ಲಿ ಆಟ ಮುಗಿಸಿದರು. 87 ಗೆಲುವು, 144 ಸೇವ್, 1,179 ಸ್ಟ್ರೈಕ್‌ಔಟ್. ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ 3.16. ಆ 1,252 ಪಂದ್ಯಗಳಲ್ಲಿ ಅವರು ಆರಂಭಿಕ ಪಿಚರ್ ಆಗಿದ್ದದ್ದು ನಾಲ್ಕರಲ್ಲಿ ಮಾತ್ರ.

ಸುಮ್ಮನೆ ಉಳಿದುಕೊಂಡರು ಎಂಬ ಮಾತನ್ನೇ ಮೊದಲು ನೋಡೋಣ. ಮೇಜರ್ ಲೀಗ್‌ನಲ್ಲಿ ಯಾರನ್ನಾದರೂ ಸುಮ್ಮನೆ ಉಳಿಸಿಕೊಳ್ಳುತ್ತಾರೆಯೇ? ಪ್ರತಿ ವಸಂತದಲ್ಲೂ ಇಪ್ಪತ್ತೆರಡರ, ಇಪ್ಪತ್ತಮೂರರ ಹುಡುಗರು ಹೆಚ್ಚು ವೇಗದ, ಕಡಿಮೆ ಸಂಬಳದ ತೋಳುಗಳೊಂದಿಗೆ ತರಬೇತಿ ಶಿಬಿರಕ್ಕೆ ಬಂದಿಳಿಯುತ್ತಾರೆ. ಅವರೆಲ್ಲರನ್ನೂ ಬದಿಗಿಟ್ಟು ನಲವತ್ತು ದಾಟಿದವನಿಗೆ ಚೆಂಡು ಕೊಡುವ ಮ್ಯಾನೇಜರ್ ಕರುಣೆಯಿಂದ ಕೊಡುವುದಿಲ್ಲ. ತಂಡ ಸೋತರೆ ಅವನ ಕೆಲಸ ಹೋಗುತ್ತದೆ. 1997ರಲ್ಲಿ, ನಲವತ್ತರ ಒರೊಸ್ಕೊ ಬಾಲ್ಟಿಮೋರ್ ಓರಿಯೋಲ್ಸ್‌ಗೆ 71 ಪಂದ್ಯ ಆಡಿದರು, ಸರಾಸರಿ 2.32. 1999ರ ಆಗಸ್ಟ್ 17ರಂದು ಡೆನ್ನಿಸ್ ಎಕರ್‌ಸ್ಲೀ ಅವರ 1,071 ಪಂದ್ಯಗಳ ದಾಖಲೆ ಮುರಿದರು. ಅದರ ಮೇಲೆ ಇನ್ನೂ 180 ಪಂದ್ಯ ಆಡಿದರು. ಒಂಬತ್ತು ತಂಡಗಳು, ಅಷ್ಟೊಂದು ಮ್ಯಾನೇಜರ್‌ಗಳು, 24 ವರ್ಷಗಳ ಕಾಲ ಮತ್ತೆ ಮತ್ತೆ ಅದೇ ತಪ್ಪು ಮಾಡುತ್ತಾ ಹೋದರು ಎಂದು ನಂಬಬೇಕೇ?

ಬಾಳಿಕೆಗೆ ಬೇಸ್‌ಬಾಲ್ ಬೆಲೆ ಕೊಡುವುದೇ ಇಲ್ಲ ಎಂದಿದ್ದರೆ ಆ ಮಾತು ಬೇರೆ. 1995ರ ಸೆಪ್ಟೆಂಬರ್ 6ರಂದು ಕ್ಯಾಲ್ ರಿಪ್ಕನ್ ಸತತ 2,131ನೇ ಪಂದ್ಯ ಆಡಿ ಲೂ ಗೆರಿಗ್ ದಾಖಲೆ ಮುರಿದಾಗ ಇಡೀ ಅಮೆರಿಕ ಎದ್ದು ನಿಂತಿತ್ತು. ಅಧ್ಯಕ್ಷ ಕ್ಲಿಂಟನ್ ಕ್ರೀಡಾಂಗಣದಲ್ಲಿದ್ದರು. ದಿನವೂ ಕೆಲಸಕ್ಕೆ ಹಾಜರಾಗುವ ಸಾಮಾನ್ಯ ಮನುಷ್ಯನ ಪ್ರತೀಕ ಎಂದು ಪತ್ರಿಕೆಗಳು ರಿಪ್ಕನ್‌ರನ್ನು ಕೊಂಡಾಡಿದವು. ಕೊಂಡಾಡಿದ್ದು ಸರಿಯೇ. 2007ರಲ್ಲಿ 545 ಮತಗಳಲ್ಲಿ 537 ಅವರಿಗೆ ಬಿದ್ದವು. ಆ 1995ರ ಓರಿಯೋಲ್ಸ್ ತಂಡದಲ್ಲಿ, ಅದೇ ಡ್ರೆಸ್ಸಿಂಗ್ ರೂಮಿನಲ್ಲಿ, ಒರೊಸ್ಕೊ ಇದ್ದರು. ಆ ವರ್ಷ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ಪಂದ್ಯಗಳಲ್ಲಿ ಚೆಂಡೆಸೆದವರೂ ಅವರೇ. ದಿನವೂ ಹಾಜರಾಗುವುದು ರಿಪ್ಕನ್‌ರಂಥ ಶಾರ್ಟ್‌ಸ್ಟಾಪ್ ಆಟಗಾರ ಮಾಡಿದರೆ ತಪಸ್ಸು, ರಿಲೀಫ್ ಪಿಚರ್ ಮಾಡಿದರೆ ಕಾಲಹರಣ ಹೇಗಾಗುತ್ತದೆ? ಮನುಷ್ಯನ ದೇಹಕ್ಕೆ ಚೆಂಡು ಹಿಡಿಯುವುದಕ್ಕಿಂತ ತಲೆಯ ಮೇಲಿನಿಂದ ತೋಳು ಬೀಸಿ ಎಸೆಯುವುದು ಎಷ್ಟೋ ಪಾಲು ಕ್ರೂರವಾದ ಕೆಲಸ. ಬಾಳಿಕೆಯನ್ನು ಪೂಜಿಸುವುದಾದರೆ ಮೊದಲು ಪೂಜಿಸಬೇಕಾದದ್ದು ಆ ತೋಳನ್ನು.

ಮತದಾರರ ಕಣ್ಣಿಗೆ ಪೊರೆ ಬರುವಂತೆ ಮಾಡಿದ್ದು ಸೇವ್ ಎಂಬ ಅಂಕಿ. ಷಿಕಾಗೋದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್ ರಿಲೀಫ್ ಪಿಚರ್‌ಗಳಿಗೆ ನ್ಯಾಯ ಸಿಗಲೆಂಬ ಒಳ್ಳೆಯ ಉದ್ದೇಶದಿಂದಲೇ ಇದನ್ನು ರೂಪಿಸಿದರು. 1969ರಲ್ಲಿ ಅದು ಅಧಿಕೃತವಾಯಿತು. ಇವತ್ತು ಅದು ನ್ಯಾಯಕ್ಕೇ ಅಡ್ಡ ನಿಂತಿದೆ. ಒಂಬತ್ತನೇ ಇನಿಂಗ್ಸ್‌ಗೆ ಮೂರು ರನ್ ಮುನ್ನಡೆಯೊಂದಿಗೆ, ಬೇಸ್‌ಗಳು ಖಾಲಿಯಿರುವಾಗ ಬಂದು ಮೂವರನ್ನು ಔಟ್ ಮಾಡಿದರೆ ಸೇವ್ ಸಿಗುತ್ತದೆ. ಏಳನೇ ಇನಿಂಗ್ಸ್‌ನಲ್ಲಿ ಒಂದೇ ರನ್ ಮುನ್ನಡೆ, ಮೂರೂ ಬೇಸ್ ತುಂಬಿವೆ, ಯಾರೂ ಔಟಾಗಿಲ್ಲ ಎನ್ನುವಾಗ ಬಂದು, ರನ್ ಕೊಡದೆ ಆ ಇನಿಂಗ್ಸ್ ಮುಗಿಸಿ ಚೆಂಡನ್ನು ಮುಂದಿನವನಿಗೆ ಒಪ್ಪಿಸಿದವನಿಗೆ ಸೇವ್ ಇಲ್ಲ. ಕೊನೆಯ ಮೂರು ಇನಿಂಗ್ಸ್ ಎಸೆದರೆ ಮುನ್ನಡೆ ಎಷ್ಟಿದ್ದರೂ ಸೇವ್ ಕೊಡಬಹುದು ಎಂಬ ನಿಯಮವಿದೆ. ಅದರ ಪ್ರಕಾರ 2007ರ ಆಗಸ್ಟ್ 22ರಂದು ಟೆಕ್ಸಸ್ ರೇಂಜರ್ಸ್ ತಂಡ 30-3ರಿಂದ ಗೆದ್ದ ಪಂದ್ಯದಲ್ಲೂ ಒಬ್ಬ ಪಿಚರ್ ಹೆಸರಿಗೆ ಸೇವ್ ಬರೆಯಲಾಯಿತು. ಇಪ್ಪತ್ತೇಳು ರನ್ ಮುನ್ನಡೆಯ ಪಂದ್ಯದಲ್ಲಿ ಅವನು ಯಾವುದರಿಂದ ಯಾರನ್ನು ಕಾಪಾಡಿದ? ಟಿ20 ಕ್ರಿಕೆಟ್ ನೋಡುವ ನಮ್ಮ ಓದುಗರಿಗೆ ಇದು ಹೊಸದಲ್ಲ: ಹದಿನೆಂಟನೇ ಓವರಿನಲ್ಲಿ ನಾಲ್ಕೇ ರನ್ ಕೊಟ್ಟು ಪಂದ್ಯ ತಿರುಗಿಸಿದ ಬೌಲರನ್ನು ಬಿಟ್ಟು, ಕೊನೆಯ ಓವರಿನಲ್ಲಿ ಇಪ್ಪತ್ತೈದು ರನ್ ಕಾಯ್ದವನ ಚಿತ್ರ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಬೇಸ್‌ಬಾಲ್ ಈ ಪಕ್ಷಪಾತವನ್ನು ನಿಯಮಪುಸ್ತಕದಲ್ಲೇ ಬರೆದಿಟ್ಟುಕೊಂಡಿದೆ.

ಈ ಅಂಕಿಯ ಮೋಹ ಪಂದ್ಯಗಳನ್ನೇ ಸೋಲಿಸಿದೆ. 2016ರಲ್ಲಿ ಓರಿಯೋಲ್ಸ್ ತಂಡದ ಝಾಕ್ ಬ್ರಿಟನ್ 47 ಸೇವ್ ಅವಕಾಶಗಳಲ್ಲಿ 47ನ್ನೂ ಉಳಿಸಿಕೊಂಡಿದ್ದರು, ಸರಾಸರಿ 0.54. ಆ ಅಕ್ಟೋಬರ್ 4ರಂದು ಟೊರಾಂಟೊದಲ್ಲಿ ಸೋತರೆ ಋತುವೇ ಮುಗಿಯುವ ಪಂದ್ಯ ಸಮಸಮವಾಗಿ ಹನ್ನೊಂದನೇ ಇನಿಂಗ್ಸ್‌ಗೆ ಹೋಯಿತು. ತಂಡ ಮುನ್ನಡೆ ಪಡೆದ ಮೇಲೆ ಕರೆಯೋಣವೆಂದು ಮ್ಯಾನೇಜರ್ ಬಕ್ ಷೋವಾಲ್ಟರ್ ಬ್ರಿಟನ್‌ರನ್ನು ರಿಲೀಫ್ ಪಿಚರ್‌ಗಳು ಕಾಯುವ ಬುಲ್‌ಪೆನ್‌ನಲ್ಲೇ ಕೂರಿಸಿದರು. ಮುನ್ನಡೆ ಬರಲೇ ಇಲ್ಲ. ಓರಿಯೋಲ್ಸ್‌ನ ಉಬಾಲ್ಡೊ ಹಿಮೆನೆಸ್ ಎಸೆತಕ್ಕೆ ಟೊರಾಂಟೊದ ಎಡ್ವಿನ್ ಎನ್‌ಕಾರ್ನಾಸಿಯೋನ್ ಮೂರು ರನ್‌ನ ಹೋಮ್‌ರನ್ ಹೊಡೆದರು. ಆ ವರ್ಷದ ಅತ್ಯುತ್ತಮ ರಿಲೀಫ್ ಪಿಚರ್ ಒಂದೂ ಚೆಂಡೆಸೆಯದೆ ಮನೆಗೆ ಹೋದ. ಕೆಲಸದ ಮಹತ್ವವನ್ನು ಗಡಿಯಾರದಿಂದ ಅಳೆಯುವ ಈ ಅಭ್ಯಾಸಕ್ಕೆ ಇನ್ನೆಷ್ಟು ಪುರಾವೆ ಬೇಕು?

ಒರೊಸ್ಕೊ ಅವರ ಬಗ್ಗೆ ಜನರಿಗೆ ನೆನಪಿರುವ ಒಂದೇ ಚಿತ್ರವೂ ಈ ಕುರುಡುತನಕ್ಕೆ ಸಾಕ್ಷಿ. 1986ರ ಅಕ್ಟೋಬರ್ 27, ವಿಶ್ವ ಸರಣಿಯ ಏಳನೇ ಪಂದ್ಯ, ಬಾಸ್ಟನ್ ರೆಡ್ ಸಾಕ್ಸ್‌ನ ಮಾರ್ಟಿ ಬ್ಯಾರೆಟ್ ಸ್ಟ್ರೈಕ್‌ಔಟ್ ಆದರು, ಒರೊಸ್ಕೊ ಕೈಗವಸನ್ನು ಆಕಾಶಕ್ಕೆಸೆದು ಮಂಡಿಯೂರಿ ಎರಡೂ ತೋಳೆತ್ತಿದರು. ಸಾವಿರಾರು ಗೋಡೆಗಳ ಮೇಲೆ ಆ ಫೋಟೋ ಇದೆ. ಆದರೆ ಪಂದ್ಯ ಉಳಿದದ್ದು ಆ ಎಸೆತದಿಂದಲ್ಲ. ಉಳಿದದ್ದು ಅದಕ್ಕೂ ಒಂದು ಇನಿಂಗ್ಸ್ ಮೊದಲು. ಎಂಟನೇ ಇನಿಂಗ್ಸ್‌ನಲ್ಲಿ 6-3ರ ಮುನ್ನಡೆ ಸರಸರನೆ ಕರಗಿ 6-5 ಆಗಿತ್ತು. ಸಮ ಮಾಡುವ ರನ್ ಎರಡನೇ ಬೇಸ್‌ನಲ್ಲಿ ನಿಂತಿತ್ತು. ಯಾರೂ ಔಟಾಗಿರಲಿಲ್ಲ. ಆಗ ಒರೊಸ್ಕೊ ಬಂದರು. ರಿಚ್ ಗೆಡ್ಮನ್, ಡೇವ್ ಹೆಂಡರ್ಸನ್, ಡಾನ್ ಬೇಯ್ಲರ್ ಮೂವರೂ ಔಟ್. ಓಟಗಾರ ಮನೆ ಸೇರಲಿಲ್ಲ. ಅದೇ ಇನಿಂಗ್ಸ್‌ನ ಕೆಳಭಾಗದಲ್ಲಿ ಬ್ಯಾಟ್ ಹಿಡಿದು ಬಂದ ಈ ಪಿಚರ್ ಬಂಟ್ ಮಾಡುವಂತೆ ನಟಿಸಿ ಚೆಂಡನ್ನು ಮಧ್ಯಕ್ಕೆ ತಟ್ಟಿ ಎಂಟನೇ ರನ್ನನ್ನೂ ತಂದುಕೊಟ್ಟರು. ಫೋಟೋದಲ್ಲಿರುವ ಒಂಬತ್ತನೇ ಇನಿಂಗ್ಸ್ ಶುರುವಾಗುವ ಹೊತ್ತಿಗೆ ಮುನ್ನಡೆ ಮತ್ತೆ ಮೂರು ರನ್‌ಗೆ ಏರಿತ್ತು. ಜಗತ್ತು ನೆನಪಿಟ್ಟುಕೊಂಡದ್ದು ಆ ಸಂಜೆಯ ಹಗುರ ಕೆಲಸವನ್ನು.

ಅದಕ್ಕೂ ಹನ್ನೆರಡು ದಿನ ಮೊದಲು, ಹ್ಯೂಸ್ಟನ್ ಆಸ್ಟ್ರೋಸ್ ವಿರುದ್ಧದ ಪೋಸ್ಟ್‌ಸೀಸನ್ ಸರಣಿಯ ಆರನೇ ಪಂದ್ಯ ಹದಿನಾರು ಇನಿಂಗ್ಸ್ ನಡೆದಿತ್ತು. ಹಿಂದಿನ ದಿನವಷ್ಟೇ ಎರಡು ಇನಿಂಗ್ಸ್ ಎಸೆದಿದ್ದ ಒರೊಸ್ಕೊ ಅಂದು ಕೊನೆಯ ಮೂರು ಇನಿಂಗ್ಸ್ ಎಸೆದರು. ಹದಿನಾಲ್ಕರಲ್ಲಿ ಹೋಮ್‌ರನ್ ಹೊಡೆಸಿಕೊಂಡು ಮುನ್ನಡೆ ಕಳೆದರು, ಹದಿನಾರರಲ್ಲಿ ಎರಡು ರನ್ ಬಿಟ್ಟುಕೊಟ್ಟರು, ತೋಳಿನಲ್ಲಿ ಏನೂ ಉಳಿದಿರಲಿಲ್ಲ, ಆದರೂ ಕೆವಿನ್ ಬ್ಯಾಸ್ ಅವರನ್ನು ಸ್ಲೈಡರ್ ಎಸೆತಗಳಿಂದ ಔಟ್ ಮಾಡಿ 7-6ರಿಂದ ಗೆಲ್ಲಿಸಿದರು. ಒಂದೇ ಪೋಸ್ಟ್‌ಸೀಸನ್ ಸರಣಿಯಲ್ಲಿ ಮೂರು ಪಂದ್ಯ ಗೆದ್ದ ಮೊದಲ ರಿಲೀಫ್ ಪಿಚರ್ ಅವರು. ಇವು ಯಾವುವೂ ಆ 1,252ರ ಲೆಕ್ಕದಲ್ಲಿಲ್ಲ. ಪೋಸ್ಟ್‌ಸೀಸನ್ ಪಂದ್ಯಗಳ ಲೆಕ್ಕವೇ ಬೇರೆ.

ಲೆಕ್ಕದ ಮಾತು ಬಂದಿತಲ್ಲ, ರಿಲೀಫ್ ಪಿಚರ್‌ನ ಕೆಲಸವನ್ನು ಅಳೆಯುವ ಅಳತೆಗೋಲೇ ಸುಳ್ಳು. ಹಿಂದಿನ ಪಿಚರ್ ಬಿಟ್ಟುಹೋದ ಓಟಗಾರರನ್ನು ಬೇಸ್‌ನಲ್ಲೇ ನಿಲ್ಲಿಸಿ ಇನಿಂಗ್ಸ್ ಮುಗಿಸಿದರೆ ಅದರ ಪುಣ್ಯ ಹಿಂದಿನವನ ಸರಾಸರಿಗೆ ಹೋಗುತ್ತದೆ. 1986ರ ಆ ಏಳನೇ ಪಂದ್ಯದ ಎಂಟನೇ ಇನಿಂಗ್ಸ್‌ನಲ್ಲಿ ಒರೊಸ್ಕೊ ಮಾಡಿದ್ದು ಇದನ್ನೇ. ಅದನ್ನು ಋತುವಿನುದ್ದಕ್ಕೂ ಮಾಡುವವನ ಸರಾಸರಿಯಲ್ಲಿ ಅದರ ಗುರುತೇ ಇರುವುದಿಲ್ಲ. ಇನ್ನು ಬುಲ್‌ಪೆನ್. ಫೋನ್ ಹೊಡೆದುಕೊಳ್ಳುತ್ತದೆ, ಪಿಚರ್ ಎದ್ದು ಇಪ್ಪತ್ತು ಮೂವತ್ತು ಚೆಂಡು ಎಸೆದು ಬೆಚ್ಚಗಾಗುತ್ತಾನೆ, ಮೈದಾನದಲ್ಲಿ ಡಬಲ್ ಪ್ಲೇ ಆಗಿ ಇಬ್ಬರು ಒಟ್ಟಿಗೆ ಔಟಾಗುತ್ತಾರೆ, ಕೂತುಕೋ ಎನ್ನುತ್ತಾರೆ. ಮುಂದಿನ ಇನಿಂಗ್ಸ್‌ನಲ್ಲಿ ಮತ್ತೆ ಎದ್ದೇಳು. ಪಂದ್ಯಕ್ಕೆ ಇಳಿಯದಿದ್ದರೆ ಆ ದಿನ ಅವನು ಅಧಿಕೃತ ದಾಖಲೆಯ ಪ್ರಕಾರ ವಿಶ್ರಾಂತಿಯಲ್ಲಿದ್ದ! ಮೊಣಕೈಗೆ ಆ ದಾಖಲೆ ಗೊತ್ತಿಲ್ಲ. 24 ವರ್ಷ ಹೀಗೆ ಎದ್ದು ಕೂತ ರಾತ್ರಿಗಳನ್ನು ಸೇರಿಸಿದರೆ ಒರೊಸ್ಕೊ ಅವರ ತೋಳು ಮಾಡಿದ ಕೆಲಸ 1,252ಕ್ಕಿಂತ ಎಷ್ಟೋ ಹೆಚ್ಚು. ಅದನ್ನು ಬರೆದಿಟ್ಟುಕೊಳ್ಳುವ ಸೌಜನ್ಯವನ್ನು ಆಟದ ದಾಖಲೆಪುಸ್ತಕ ತೋರಲಿಲ್ಲ.

ಕೊನೆಯ ವರ್ಷಗಳಲ್ಲಿ ಅವರು ಒಬ್ಬನೋ ಇಬ್ಬರೋ ಎಡಗೈ ಬ್ಯಾಟರ್‌ಗಳಿಗೆ ಮಾತ್ರ ಎಸೆಯುತ್ತಿದ್ದರು, ಹಾಗಾಗಿ ಪಂದ್ಯಗಳ ಸಂಖ್ಯೆ ಉಬ್ಬಿಕೊಂಡಿತು ಎಂಬ ಆಕ್ಷೇಪವಿದೆ. 2002ರಲ್ಲಿ ಡಾಡ್ಜರ್ಸ್ ತಂಡಕ್ಕೆ ಅವರು 56 ಪಂದ್ಯಗಳಲ್ಲಿ 27 ಇನಿಂಗ್ಸ್ ಎಸೆದದ್ದು ನಿಜ. ಅದೇ ಮನುಷ್ಯ 1983ರಲ್ಲಿ 62 ಪಂದ್ಯಗಳಲ್ಲಿ 110 ಇನಿಂಗ್ಸ್ ಎಸೆದು 1.47 ಸರಾಸರಿಯೊಂದಿಗೆ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಮತದಾನದಲ್ಲಿ ಮೂರನೆಯವರಾಗಿದ್ದನ್ನು ಆಕ್ಷೇಪಿಸುವವರು ಏಕೆ ಮರೆಯುತ್ತಾರೆ? ಆಟ ಬದಲಾಯಿತು, ಆತ ತನ್ನನ್ನು ಬದಲಿಸಿಕೊಂಡ. ಅಷ್ಟಕ್ಕೂ ಆ ಒಬ್ಬ ಬ್ಯಾಟರ್ ಯಾರು? ಎದುರಾಳಿ ತಂಡದ ಅತ್ಯಂತ ಅಪಾಯಕಾರಿ ಎಡಗೈ ಹೊಡೆತಗಾರ, ಪಂದ್ಯ ಒಂದು ಚೆಂಡಿನ ಮೇಲೆ ನಿಂತಿರುವ ಗಳಿಗೆಯಲ್ಲಿ. ತಪ್ಪು ತಿದ್ದಿಕೊಳ್ಳಲು ಎರಡನೇ ಬ್ಯಾಟರ್ ಇಲ್ಲ, ಎರಡನೇ ಇನಿಂಗ್ಸ್ ಇಲ್ಲ. ಇದನ್ನು ಸುಲಭ ಎನ್ನುವವರು ಪಿಚರ್ ನಿಲ್ಲುವ ಆ ದಿಬ್ಬದ ಮೇಲೆ ನಿಂತವರಲ್ಲ.

ಆ ಕಸುಬನ್ನು ಬೇಸ್‌ಬಾಲ್ ಈಗ ಅಪರಾಧವನ್ನಾಗಿಯೇ ಮಾಡಿದೆ. ಬಂದ ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು ಅಥವಾ ಆ ಇನಿಂಗ್ಸ್ ಮುಗಿಸಬೇಕು ಎಂಬ ನಿಯಮ 2020ರಲ್ಲಿ ಬಂತು. ಪಂದ್ಯ ಬೇಗ ಮುಗಿಯಲಿ ಎಂಬುದು ಕೊಟ್ಟ ಕಾರಣ. 2023ರಲ್ಲಿ ಎಸೆತಗಳ ನಡುವಿನ ಸಮಯಕ್ಕೆ ಮಿತಿ ಹಾಕುವ ಪಿಚ್ ಗಡಿಯಾರ ಬಂದದ್ದೇ ತಡ, ಪಂದ್ಯದ ಸರಾಸರಿ ಅವಧಿ 3 ಗಂಟೆ 4 ನಿಮಿಷದಿಂದ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಕೊಟ್ಟ ಕಾರಣ ತೀರಿತು, ನಿಯಮ ಮಾತ್ರ ಹಾಗೇ ಇದೆ. ಕಾರಣವಿಲ್ಲದ ನಿಯಮದಿಂದ ಒಂದು ಇಡೀ ಕಸುಬನ್ನು ಅಳಿಸಿಹಾಕುವುದಕ್ಕೆ ಯಾರಿಗೂ ಸಂಕಟವಾಗಲಿಲ್ಲವೇ? ಆ ಕಸುಬಿಗೆ ಗೌರವವಿದ್ದಿದ್ದರೆ ಆಗುತ್ತಿತ್ತು.

ಅಗೌರವದ ನಿಜವಾದ ಬೆಲೆ ತೆರುತ್ತಿರುವವರು ಇಂದಿನ ಹುಡುಗರು. ಬದಲಿಸಬಹುದಾದ ವಸ್ತುವನ್ನು ಯಾರೂ ಜೋಪಾನ ಮಾಡುವುದಿಲ್ಲ. ಒಂದೇ ಇನಿಂಗ್ಸ್ ಎಸೆಯಬೇಕು, ಆದ್ದರಿಂದ ಪ್ರತಿ ಚೆಂಡನ್ನೂ ಮೈಯೆಲ್ಲ ಶಕ್ತಿ ಸುರಿದು ಎಸೆ. ತೋಳು ಹೋದರೆ ಮೈನರ್ ಲೀಗ್‌ನಲ್ಲಿ ಇನ್ನೊಬ್ಬನಿದ್ದಾನೆ: ಇದು ಇವತ್ತಿನ ಬುಲ್‌ಪೆನ್ ನೀತಿ. 2024ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಸಂಸ್ಥೆಯೇ ಪಿಚರ್‌ಗಳ ಗಾಯಗಳ ಬಗ್ಗೆ ವರದಿ ಹೊರಡಿಸಿತು. 2005ರಲ್ಲಿ ಗಾಯಾಳುಗಳ ಪಟ್ಟಿಗೆ ಪಿಚರ್‌ಗಳು ಸೇರಿದ್ದು 212 ಬಾರಿ, 2024ರಲ್ಲಿ 485 ಬಾರಿ. ವೇಗದ ಬೆನ್ನುಹತ್ತುವುದು, ಚೆಂಡಿನ ತಿರುವನ್ನು ಅತಿಯಾಗಿಸುವುದು, ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕುವುದು ಇದಕ್ಕೆ ಕಾರಣ ಎಂದು ತಜ್ಞರು ಆ ವರದಿಯಲ್ಲಿ ಹೇಳಿದರು. 1974ರಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಮೊದಲ ಬಾರಿ ಟಾಮಿ ಜಾನ್ ಅವರ ಮೊಣಕೈಗೆ ಮಾಡಿದ ಶಸ್ತ್ರಚಿಕಿತ್ಸೆ ಅಂದು ಕೊನೆಯ ಆಸೆಯಾಗಿತ್ತು, ಈಗ ಅದು ವೃತ್ತಿಯ ಮಾಮೂಲು ಹಂತದಂತಾಗಿದೆ. ದಣಿದ ಪಿಚರನ್ನು ಮೈನರ್ ಲೀಗ್‌ಗೆ ಇಳಿಸಿ ತಾಜಾ ತೋಳೊಂದನ್ನು ಕರೆಸುವ ಓಡಾಟ ಎಷ್ಟು ಮಿತಿಮೀರಿತೆಂದರೆ, ಒಬ್ಬ ಆಟಗಾರನನ್ನು ಒಂದು ಋತುವಿನಲ್ಲಿ ಐದಕ್ಕಿಂತ ಹೆಚ್ಚು ಬಾರಿ ಹೀಗೆ ಇಳಿಸಬಾರದು ಎಂದು ಆಟಗಾರರ ಸಂಘದೊಂದಿಗಿನ 2022ರ ಒಪ್ಪಂದದಲ್ಲಿ ಬರೆಯಬೇಕಾಯಿತು. ಐದು ಬಾರಿ ಮನೆ ಖಾಲಿ ಮಾಡಿಸಿದರೂ ನಿಯಮಬದ್ಧ! ಮೇಜರ್ ಲೀಗ್‌ನಲ್ಲಿ ಕಳೆದ ದಿನಗಳ ಲೆಕ್ಕದ ಮೇಲೆಯೇ ಪಿಂಚಣಿಯೂ ಸಂಬಳದ ಚೌಕಾಸಿಯ ಹಕ್ಕೂ ನಿಂತಿರುವ ವೃತ್ತಿ ಇದು. ಪ್ರತಿ ಇಳಿತಕ್ಕೂ ಆ ದಿನಗಳು ಕತ್ತರಿಸಿಹೋಗುತ್ತವೆ.

ಉಳಿದುಕೊಳ್ಳುವುದು ಒಂದು ವಿದ್ಯೆ ಎಂದು ಈ ಆಟ ಒಪ್ಪಿಕೊಂಡಿದ್ದರೆ ಅದನ್ನು ಬಲ್ಲವರ ಬಳಿ ಹೋಗಿ ಕೇಳುತ್ತಿತ್ತು. 1974ರಲ್ಲಿ ಮೈಕ್ ಮಾರ್ಷಲ್ 106 ಪಂದ್ಯಗಳಲ್ಲಿ, ಆ ಪೈಕಿ ಸತತ ಹದಿಮೂರು ಪಂದ್ಯಗಳಲ್ಲಿ ಚೆಂಡೆಸೆದು, 208 ಇನಿಂಗ್ಸ್ ದಾಟಿ, ಸೈ ಯಂಗ್ ಪ್ರಶಸ್ತಿ ಪಡೆದ ಮೊದಲ ರಿಲೀಫ್ ಪಿಚರ್ ಆದರು. ದೇಹಚಲನೆಯ ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಅವರು ತೋಳು ಉಳಿಸುವ ಎಸೆತದ ಕ್ರಮವನ್ನು ಬದುಕಿನ ಕೊನೆಯವರೆಗೂ ಸಾರುತ್ತಾ ಹೋದರು. ವೃತ್ತಿಪರ ತಂಡಗಳು ಅವರನ್ನು ವಿಚಿತ್ರ ಮನುಷ್ಯನೆಂದು ದೂರವಿಟ್ಟವು. ಅವರ ಕ್ರಮ ಪೂರ್ತಿ ಸರಿಯಿತ್ತೋ ಇಲ್ಲವೋ, ಕೇಳಿಸಿಕೊಳ್ಳಲೂ ಮನಸ್ಸಿಲ್ಲದ್ದು ಅಪರಾಧವೇ.

ಈ ರೋಗ ಕೆಳಗೂ ಇಳಿದಿದೆ. ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಮಕ್ಕಳನ್ನು ಲಿಟಲ್ ಲೀಗ್‌ಗೆ ಕಳಿಸುವ ಕನ್ನಡದ ತಂದೆತಾಯಂದಿರು ಇದನ್ನು ಕೇಳಿಸಿಕೊಳ್ಳಬೇಕು. ಹನ್ನೊಂದು, ಹನ್ನೆರಡು ವರ್ಷದ ಮಗು ದಿನಕ್ಕೆ 85 ಚೆಂಡಿಗಿಂತ ಹೆಚ್ಚು ಎಸೆಯಬಾರದು ಎಂದು ಲಿಟಲ್ ಲೀಗ್ ನಿಯಮವಿದೆ. ವಾರಾಂತ್ಯದ ಖಾಸಗಿ ಟೂರ್ನಿಗಳಲ್ಲಿ ಅದೇ ಮಗುವಿನ ಮುಂದೆ ರಾಡಾರ್ ಗನ್ ಹಿಡಿದು ನಿಂತವರು ನೋಡುವುದು ವೇಗದ ಅಂಕಿಯನ್ನು ಮಾತ್ರ. ನಲವತ್ತಾರರವರೆಗೆ ಎಸೆದ ಮನುಷ್ಯನ ಹೆಸರನ್ನು ಆ ಮಗುವಿಗೆ ಯಾರೂ ಹೇಳಿಕೊಟ್ಟಿಲ್ಲ.

ಬದಲಾವಣೆ ಎಲ್ಲಿಂದ ಶುರುವಾಗಬೇಕೆಂಬುದು ಸ್ಪಷ್ಟವಿದೆ. ಸೇವ್ ಅನ್ನು ಅಧಿಕೃತ ಅಂಕಿಗಳ ಪಟ್ಟಿಯಿಂದ ಕೆಳಗಿಳಿಸಿ. ತಡೆದ ಓಟಗಾರರ ಸಂಖ್ಯೆಯನ್ನು ಪ್ರತಿ ಪಿಚರ್‌ನ ಹೆಸರಿನ ಮುಂದೆ ಅಧಿಕೃತವಾಗಿ ಅಚ್ಚು ಮಾಡಿ. ಬುಲ್‌ಪೆನ್‌ನಲ್ಲಿ ಎದ್ದು ಕೂತ ಪ್ರತಿ ಸಲವನ್ನೂ ದಾಖಲಿಸಿ, ಅದನ್ನು ಕೆಲಸವೆಂದು ಎಣಿಸಿ. ಮೂವರು ಬ್ಯಾಟರ್‌ಗಳ ನಿಯಮವನ್ನು ರದ್ದು ಮಾಡಿ. ಮುಂದಿನ ಒಪ್ಪಂದದಲ್ಲಿ ಆಟಗಾರರ ಸಂಘ ಐದು ಬಾರಿಯ ಇಳಿತವನ್ನು ಎರಡಕ್ಕೆ ತರಿಸಲಿ, ಅದಕ್ಕಾಗಿ ಹಟ ಹಿಡಿಯಲಿ. ಸಂಘದ ಸದಸ್ಯರಲ್ಲಿ ರಿಲೀಫ್ ಪಿಚರ್‌ಗಳ ಪಾಲು ಸಣ್ಣದಲ್ಲ.

ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್‌ನಲ್ಲಿ ರಿಲೀಫ್ ಪಿಚರ್‌ಗಳಿಗೆ 1985ರಲ್ಲಿ ಬಾಗಿಲು ತೆರೆದದ್ದು ಹೋಯ್ಟ್ ವಿಲ್ಹೆಲ್ಮ್. ಅವರ ನಂತರ ಒಳಗೆ ಹೋದ ಫಿಂಗರ್ಸ್, ಎಕರ್‌ಸ್ಲೀ, ಸಟರ್, ಗಾಸೇಜ್, ಹಾಫ್ಮನ್, ರಿವೇರಾ, ಲೀ ಸ್ಮಿತ್, ವ್ಯಾಗ್ನರ್ ಎಲ್ಲರೂ ಸೇವ್‌ಗಳ ಬಲದಿಂದ ಹೆಸರಾದವರು. ಏಳನೇ, ಎಂಟನೇ ಇನಿಂಗ್ಸ್‌ನ ಕೆಲಸಕ್ಕಾಗಿ ಇಂದಿಗೂ ಒಬ್ಬನೇ ಒಬ್ಬನನ್ನು ಒಳಗೆ ಬಿಟ್ಟಿಲ್ಲ. ಬರಹಗಾರರು ಕೈಬಿಟ್ಟವರನ್ನು ಮತ್ತೆ ನೋಡಲೆಂದೇ ಹಾಲ್ ಆಫ್ ಫೇಮ್‌ನಲ್ಲಿ ಸಮಕಾಲೀನ ಯುಗದ ಸಮಿತಿಯಿದೆ. 1980ರ ನಂತರದ ಆಟಗಾರರಲ್ಲಿ ಎಂಟು ಹೆಸರುಗಳನ್ನು ಅದರ ಮುಂದಿಡುತ್ತಾರೆ, ಹದಿನಾರು ಜನ ಕೂತು ಮತ ಹಾಕುತ್ತಾರೆ, ಹನ್ನೆರಡು ಮತ ಬಿದ್ದರೆ ಆಯ್ಕೆ. ಆ ಪಟ್ಟಿ ಸಿದ್ಧಪಡಿಸುವವರು ಮುಂದಿನ ಸರದಿಯಲ್ಲಿ ಎಂಟರಲ್ಲಿ ಒಂದು ಜಾಗವನ್ನು ಒರೊಸ್ಕೊ ಅವರಿಗೆ ಕೊಡಲಿ. ಅವರು ಇನ್ನೂ ನಮ್ಮ ನಡುವೆ ಇರುವಾಗಲೇ ಕೊಡಲಿ, ಮತ್ತು ಆ ಹದಿನಾರು ಜನ ಕೈಯಲ್ಲಿ ಎಂಟನೇ ಇನಿಂಗ್ಸ್‌ನ ಸ್ಕೋರ್‌ಕಾರ್ಡ್ ಹಿಡಿದು ಕೂರಲಿ.